ಸಿಸ್ಟರ್ ಎಂದರೆ ತಂಗಿ

ಮಂಡಿ ಆಪರೇಷನ್ ಆದ ಮೇಲೆ ಅಮ್ಮ ಮೂರು ತಿಂಗಳು ನವುಲೆಯ ನಮ್ಮ ಮನೆಯಲ್ಲಿದ್ದಳು. ಧಾರಾವಾಹಿಗಳ ಅತ್ತೆ-ಸೊಸೆ ಜಗಳ ಸಾಕಾಗಿ, ನಾನು ಮೊಬೈಲಿನಲ್ಲಿ ನೋಡುತ್ತಿದ್ದ ಜಪಾನಿ ಕಾರ್ಟೂನ್ ಸರಣಿಗೆ ಅಂಟಿಕೊಂಡಳು. ಒಣಬಯಲು, ಲಾರಿಗಳು, ಪೆಟ್ರೋಲ್ ಬಂಕುಗಳು. ಅದರ ನಡುವೆ ಪಿಸ್ತೂಲು ಸಿಕ್ಕಿಸಿಕೊಂಡು ಅಲೆಯುವ ಇಬ್ಬರು ಹುಡುಗಿಯರು. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಓದಿ ಕನ್ನಡದಲ್ಲಿ ಹೇಳಬೇಕು.

"ಡಾಬು ಹಾಕೋ ಸೊಂಟಕ್ಕೆ ಪಿಸ್ತೂಲು! ಇವಳನ್ನ ಯಾರು ಮದುವೆ ಆಗ್ತಾರೆ ಮಾರಾಯ್ತಿ?" ಎಂದು ನಗುತ್ತಿದ್ದಳು.

ಇಬ್ಬರಲ್ಲಿ ಕೆಂಚುಗೂದಲಿನವಳು ಹುಡುಕುತ್ತಿದ್ದುದು ತನ್ನ 'ಸಿಸ್ಟರ್' ಅನ್ನು. ಅಕ್ಕನೋ ತಂಗಿಯೋ, ಇಂಗ್ಲಿಷ್ ಹೇಳುವುದಿಲ್ಲ. ಶಂಕರಘಟ್ಟದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ನಾನು, ಯೋಚಿಸದೆ ತಂಗಿ ಎಂದುಬಿಟ್ಟೆ.

ಅಮ್ಮನಿಗೂ ಭದ್ರಾವತಿಯಲ್ಲಿ ಒಬ್ಬ ಅಕ್ಕ ಇದ್ದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನನ್ನ ಮದುವೆಗೆ ಅಮ್ಮ ತಾನೇ ಹೋಗಿ ಕುಂಕುಮ ಕೊಟ್ಟು ಕರೆಯಲಿಲ್ಲ, ಲಗ್ನಪತ್ರಿಕೆಯನ್ನು ಯಾರದೋ ಕೈಲಿ ಕಳಿಸಿದಳು. ದೊಡ್ಡಮ್ಮ ಬರಲಿಲ್ಲ. ಆಮೇಲೆ ಆರು ವರ್ಷ ಇಬ್ಬರಿಗೂ ಮಾತಿರಲಿಲ್ಲ.

ಒಂದು ಮಧ್ಯಾಹ್ನ ಸರಣಿ ನೋಡುತ್ತಿರುವಾಗಲೇ ದೊಡ್ಡಮ್ಮನ ಮಗ ಫೋನ್ ಮಾಡಿದ. ದೊಡ್ಡಮ್ಮನಿಗೆ ಹುಷಾರಿಲ್ಲ, ಊಟ ಸೇರುತ್ತಿಲ್ಲ ಎಂದ.

"ಆಟೋ ಮಾಡ್ಕೊಂಡು ಹೋಗಿ ಬರೋಣ ಬಾಮ್ಮ," ಎಂದೆ.

"ಹುಷಾರಾದ್ಮೇಲೆ ಅವಳೇ ಬರ್ಲಿ. ದೊಡ್ಡವಳು ತಾನೇ ತಂಗಿನ ಹುಡ್ಕೊಂಡು ಬರ್ಬೇಕು? ಈ ಪಿಸ್ತೂಲಿನವಳಿಗೆ ಗೊತ್ತು, ನಮ್ಮಕ್ಕಂಗೆ ಗೊತ್ತಿಲ್ಲ ನೋಡು."

ನಾನು ನಕ್ಕುಬಿಟ್ಟೆ. ಇನ್ನೊಂದು ಸಲ ಕರೆಯಲಿಲ್ಲ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಹತ್ತೇ ದಿನಕ್ಕೆ ದೊಡ್ಡಮ್ಮ ಹೋದಳು. ಅಮ್ಮ ವಾಕರ್ ಹಿಡಿದು ಆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ, ದೊಡ್ಡಮ್ಮನಿಗೆ ವಿಭೂತಿ ಹಚ್ಚಿ ಹಜಾರದಲ್ಲಿ ಕೂರಿಸಿದ್ದರು. ಅಮ್ಮ ಅವಳ ಕೈ ಹಿಡಿದು, "ಬಂದಿದೀನಿ ಅಕ್ಕಾ, ನೋಡೇ," ಎಂದಳು.

ತಿಂಗಳಾದ ಮೇಲೆ ಅಮ್ಮನೇ, "ಆ ಕಥೆ ಹಾಕು, ತಂಗಿ ಸಿಕ್ಕಿದ್ಲೋ ಏನೋ," ಎಂದಳು. ಕೊನೆಯ ಕಂತು. ಅದರಲ್ಲಿ ಹುಡುಗಿಯ ಬಾಲ್ಯ ತೋರಿಸಿದರು: ಎತ್ತರದ ಹುಡುಗಿಯೊಬ್ಬಳು ಕೆಂಚುಗೂದಲಿನ ಮಗುವನ್ನು ಎತ್ತಿಕೊಂಡು ನಡೆಯುತ್ತಿದ್ದಳು. ನಾನು ಓದುವುದನ್ನು ನಿಲ್ಲಿಸಿದೆ.

"ಇವಳು ಚಿಕ್ಕವಳು," ಎಂದಳು ಅಮ್ಮ. "ಹುಡುಕ್ತಾ ಇದ್ದಿದ್ದು ಅಕ್ಕನ್ನ."

"ನಾನೇ ತಪ್ಪು ಹೇಳ್ದೆ ಅಮ್ಮ."

"ಸರಿಯಾಗಿ ಹೇಳಿದ್ರೂ ನಾನೇನು ಹೋಗ್ತಿರ್ಲಿಲ್ಲ ಬಿಡು."

ನನ್ನ ಮನಸ್ಸು ಕೊರೆಯದಿರಲಿ ಎಂದು ಹೇಳಿದ ಮಾತು ಅದು. ಅಷ್ಟರಲ್ಲಿ ಮೊಬೈಲಿನಲ್ಲಿ ಅಕ್ಕ ಸಿಕ್ಕಿದಳು, ಇಬ್ಬರೂ ತಬ್ಬಿಕೊಂಡರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೋಗ್ತಿದ್ದೆ ಕಣೇ," ಎಂದಳು. "ಹೋಗ್ತಿದ್ದೆ."