ಕುಂಕುಮ ಹಚ್ಚಿಸಿಕೊಂಡ ಷೇರು ಪತ್ರ

ಲಕ್ಷ್ಮೇಶ್ವರದಲ್ಲಿ ಖಾರದ ಗಿರಣಿ ನಡೆಸುವ ರೇಣುಕವ್ವನಿಗೆ ಮದುವೆಯಲ್ಲಿ ತಂದೆ ಬಂಗಾರದ ಜೊತೆ ಒಂದು ಕಂಪನಿಯ ಷೇರು ಪತ್ರವನ್ನೂ ಕೊಟ್ಟಿದ್ದರು. ಮೂವತ್ತು ವರ್ಷ ಪ್ರತಿ ದೀಪಾವಳಿಗೆ ಆಕೆ ಅದನ್ನು ತಿಜೋರಿಯಿಂದ ತೆಗೆದು ಅರಿಸಿನ, ಕುಂಕುಮ ಹಚ್ಚಿ ಪೂಜಿಸಿದಳು. ಲಕ್ಷ್ಮಿ ಒಲಿದಳೋ ಇಲ್ಲವೋ, ಪತ್ರದ ಮೇಲಿನ ಅಂಕಿಗಳಂತೂ ಪೂರ್ತಿ ಮಾಯವಾದವು.

ಹೋದ ವರ್ಷ ಗಿರಣಿಗೆ ಎರಡನೆಯ ಯಂತ್ರ ತರಲೆಂದು ಆಕೆ ಷೇರು ಮಾರಹೊರಟಳು. ಕಾಗದದ ಷೇರನ್ನು ಈಗ ಹಾಗೇ ಮಾರುವಂತಿಲ್ಲ; ಮೊದಲು ಅವು ಕಂಪ್ಯೂಟರಿನಲ್ಲಿ ಷೇರು ಇಡುವ ಡಿಮ್ಯಾಟ್ ಖಾತೆಗೆ ಬರಬೇಕಿತ್ತು. ಅಂಕಿಗಳೇ ಅಳಿಸಿದ್ದರಿಂದ ಕಂಪನಿಯೇ ದಾಖಲೆ ನೋಡಿ ಹೇಳಬೇಕಿತ್ತು; ಮೂರು ಸಲ ಬರೆದರೂ ಉತ್ತರವಿಲ್ಲ.

“ವೈನಿ, ಇನ್ನೊಂದೀಟು ಕುಂಕುಮ ಹಚ್ರಿ, ಕಂಪನಿಯವ್ರು ತಾವಾಗೇ ಓಡಿ ಬರ್ತಾರ,” ಎಂದು ಮೈದುನ ವೀರು ನಕ್ಕ.

“ನಗು, ನಗು. ಸಂತ್ಯಾಗ ತೂಕದಾಗ ಮೋಸ ಆದ್ರ ಕೇಳಾಕ ಒಬ್ಬ ಸಾಹೇಬ ಇರ್ತಾನ. ಷೇರಿನ ಪ್ಯಾಟಿಗೂ ಯಾರರ ಇರಬೇಕಲ್ಲೋ?”

ಇದ್ದರು. ಷೇರು ಪೇಟೆಯನ್ನು ಕಾಯುವ ಸೆಬಿಗೆ ರೇಣುಕವ್ವ ತನ್ನ ಮಗಳು ಕಾಂಚನಾಳ ಫೋನಿನಿಂದ ದೂರು ಕೊಟ್ಟಳು. ಕುಂಕುಮದ ಕಥೆಯನ್ನೂ ಬಿಡದೆ ಬರೆಸಿದಳು. ಸೆಬಿಯ ಮೂಲಕ ಅದೇ ದೂರು ಕಂಪನಿಗೆ ಹೋಯಿತು, ಉತ್ತರಕ್ಕೆ ಇಪ್ಪತ್ತೊಂದು ದಿನಗಳ ಗಡುವಿನೊಂದಿಗೆ. ಮೂರು ಪತ್ರಕ್ಕೂ ಬಾಯಿ ಬಿಡದ ಕಂಪನಿ ಇಪ್ಪತ್ತನೆಯ ದಿನ ತಾನೇ ಫೋನು ಮಾಡಿ, “ಅಮ್ಮಾ” ಎಂದಿತು. ಹಳೆಯ ದಾಖಲೆಯಲ್ಲಿ ಆಕೆಯ ಹೆಸರು ಸಿಕ್ಕಿತು. ಎರಡು ತಿಂಗಳಲ್ಲಿ ಷೇರುಗಳು ಖಾತೆಗೆ ಬಂದವು, ಇಷ್ಟು ವರ್ಷಗಳ ಬೋನಸ್ ಷೇರುಗಳ ಸಮೇತ.

ಈ ದೀಪಾವಳಿಗೆ ಹೊಸ ಯಂತ್ರದ ಮುಂದೆ ವೀರು ಕುಂಕುಮದ ಬಟ್ಟಲು ಹಿಡಿದು ನಿಂತ.

“ಹಚ್ಚಲೇನ್ರಿ ವೈನಿ?”

“ಹಚ್ಚಪಾ. ಆದ್ರ ಆ ನಂಬರ ಇದ್ದ ಜಾಗಾ ಬಿಟ್ಟು ಹಚ್ಚು.”