ಹಣಮಂತರಾಯರ ಗಾಜಿನ ಆಕಾಶ

ಗಣಕಯಂತ್ರಗಳು ಸಿನಿಮಾ ಸ್ಟುಡಿಯೋಗಳನ್ನು ಆವರಿಸುವ ಮೊದಲು ಗಾಜಿನ ಮೇಲೆ ಬೆಟ್ಟ ಮೋಡಗಳನ್ನು ಬರೆದು, ಮೊಳದುದ್ದದ ಯುದ್ಧವಿಮಾನಗಳನ್ನು ತಂತಿಯ ಮೇಲೆ ಹಾರಿಸಿ ಪ್ರೇಕ್ಷಕರನ್ನು ನಂಬಿಸಿದ ಕೆಲವೇ ಕಲಾವಿದರಲ್ಲಿ ಹೈದರಾಬಾದಿನ ಶ್ರೀ ಹಣಮಂತರಾಯರು ಅಗ್ರಗಣ್ಯರು. ಸ್ಟುಡಿಯೋ ಬಿಟ್ಟ ಮೇಲೆ ಕೈಗೊಂಡ ಚಿತ್ರಕಲೆಯ ಅಧ್ಯಾಪನದಿಂದ ಅವರೀಗ ನಿವೃತ್ತರಾಗುತ್ತಿದ್ದಾರೆ.

ಸೇಡಂನಿಂದ ಬಂದು ನಾರಾಯಣಗೂಡದಲ್ಲಿ ಕೋಣೆ ಹಿಡಿದ ರಾಯರು, ನೆಲ ಮುಟ್ಟುವ ವಿಮಾನದ ರೆಕ್ಕೆ ಹೇಗೆ ನಡುಗುತ್ತದೆಂದು ನೋಡುತ್ತ ರಜೆಗಳನ್ನೆಲ್ಲ ಬೇಗಂಪೇಟೆಯ ನಿಲ್ದಾಣದ ಬೇಲಿಯ ಬಳಿ ಕಳೆದವರು.

ಮೂರು ದಶಕಗಳ ಹಿಂದಿನ ಮಾತು. ಸ್ಟುಡಿಯೋದಲ್ಲಿ ಉಡುಪು ಹೊಲಿಯುತ್ತಿದ್ದ ಪಾರ್ವತೆಮ್ಮನವರ ಮಗ ಗುರುಬಸವ ವಾಯುಪಡೆಯ ಪೈಲಟ್. ಅವನ ವಿಮಾನ ಹಿಮದ ಬೆಟ್ಟಕ್ಕೆ ಬಡಿದು, ದೇಹವೂ ಸಿಕ್ಕಿರಲಿಲ್ಲ. ಯುದ್ಧಚಿತ್ರವೊಂದಕ್ಕೆ ವಿಮಾನ ಬೀಳಿಸುವ ದಿನ ಆಕೆ ಬಂದು ಕ್ಯಾಮೆರಾದ ಪಕ್ಕ ನಿಂತರು.

"ಹೊರಗ ಹೋಗ್ರಿ ಅವ್ವಾರ, ಇದು ನೀವು ನೋಡೂದಲ್ಲ," ಎಂದರು ರಾಯರು.

"ನನಗ ಯಾರೂ ತೋರಿಸಿಲ್ಲರಿ. ನೋಡ್ತೀನಿ."

ತಂತಿ ಬಿಟ್ಟರು. ವಿಮಾನ ಗಾರೆಯ ಬೆಟ್ಟಕ್ಕೆ ಬಡಿಯಿತು, ಬೆಂಕಿ ಎದ್ದಿತು, ಎಲ್ಲ ಮುಗಿಯಿತು.

"ಇಷ್ಟ ಲಗೂ ಆಗ್ತೈತೇನ್ರಿ?" ಆಕೆ ಕೇಳಿದರು. "ಹಂಗಾರ ಅವಂಗ ತಿಳಿದಿರಾಕಿಲ್ಲ ಬಿಡ್ರಿ."

ಎಷ್ಟೋ ತಿಂಗಳಲ್ಲಿ ಮೊದಲ ಬಾರಿಗೆ ಆಕೆಯ ಮುಖದ ಬಿಗಿ ಸಡಿಲಿತು. ರಾಯರಿಗೆ ಮಾತ್ರ ಪರದೆಯ ನೆನಪಾಯಿತು. ಪುಟ್ಟ ವಿಮಾನ ಭಾರವಾಗಿ ಕಾಣಲೆಂದು ಕ್ಯಾಮೆರಾವನ್ನು ವೇಗವಾಗಿ ಓಡಿಸಿದ್ದರು. ಹಾಗೆ ತೆಗೆದದ್ದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಪರದೆಯ ಮೇಲೆ ಅದೇ ವಿಮಾನ ನಿಧಾನವಾಗಿ, ಬಹಳ ಹೊತ್ತು ಬೀಳುತ್ತದೆ. ದೃಶ್ಯವನ್ನು ಮೊಟಕುಗೊಳಿಸಿರೆಂದು ನಿರ್ದೇಶಕರನ್ನು ಬೇಡಿದರು, ಅವರು ಒಪ್ಪಲಿಲ್ಲ.

ಚಿತ್ರ ಬಿಡುಗಡೆಯಾದ ದಿನ ಪಾರ್ವತೆಮ್ಮ ದಿಲ್‌ಸುಖ್‌ನಗರದ ಚಿತ್ರಮಂದಿರಕ್ಕೆ ಹೊರಟು ನಿಂತಿದ್ದರು. ರಾಯರು ಅವರ ಮನೆಗೇ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು.

"ಹಂಗಾರ ಖರೇ ಯಾವುದ್ರಿ?"

"ಅವತ್ತು ನೀವು ಕಣ್ಣಾರೆ ನೋಡಿದ್ದ ಖರೇರಿ. ಪರದೆ ಮ್ಯಾಲಿಂದು ಸುಳ್ಳ."

ಆ ಹಿಮದ ಬೆಟ್ಟದಲ್ಲಿ ನಿಜಕ್ಕೂ ಏನಾಯಿತೆಂಬುದು ರಾಯರಿಗೂ ತಿಳಿದಿರಲಿಲ್ಲ. ಪಾರ್ವತೆಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದರು. ಮುಂದೆಂದೂ ಆ ಚಿತ್ರವನ್ನು ನೋಡದೆಯೇ, ಆ ಮಾತನ್ನು ನಂಬಿಯೇ ವರ್ಷಗಳ ಬಳಿಕ ತೀರಿಕೊಂಡರು. ಬಿಡುಗಡೆಯ ಆ ದಿನ ಸಂಜೆ ರಾಯರೊಬ್ಬರೇ ಚಿತ್ರಮಂದಿರದಲ್ಲಿ ಕುಳಿತು, ವಿಮಾನ ಬೆಟ್ಟಕ್ಕೆ ಬಡಿಯುವವರೆಗೂ ಕಣ್ಣು ಮುಚ್ಚದೆ ನೋಡಿದರು. ಆ ಬಳಿಕ ಅವರು ಆಕಾಶಗಳನ್ನಷ್ಟೇ ಬರೆದರು. ಯಾವ ವಿಮಾನವನ್ನೂ ಬೀಳಿಸಲಿಲ್ಲ.

ಮಬ್ಬಾಗುತ್ತಿರುವ ಅವರ ಕಣ್ಣುಗಳಲ್ಲಿ ಬಣ್ಣ ಕಲಸುವಷ್ಟು ಬೆಳಕು ಬಹುಕಾಲ ಉಳಿಯಲಿ, ಆಯುಷ್ಯವೂ ಕುಂಚವೂ ಜೊತೆಯಾಗಿಯೇ ಸಾಗಲಿ; ಇಷ್ಟು ವರ್ಷ ದೂರವೇ ಉಳಿದ ನೆಮ್ಮದಿಯ ನಿದ್ದೆಯೂ ಇನ್ನಾದರೂ ಅವರಿಗೆ ದೊರೆಯಲಿ.