ಬಾನೆಟ್ಟಿನ ಕೆಳಗಿಂದ ಬಂದ ಕರೆ

“ಹಾಪಾ! ಹಾಪಾ!” ಎಂದು ಪಕ್ಕದ ಮನೆಯ ಡ್ರೈವರ್ ಮ್ವಾಂಗಿ ನಮ್ಮ ಕಾರಿನ ಬಾನೆಟ್ಟಿನ ಕೆಳಗಿಂದ ಕೂಗಿದ್ದೇ ತಡ, ವರಾಂಡದಲ್ಲಿ ಕೂತಿದ್ದ ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿಬಂದರು. “ಏನ್ ಮಗಾ, ಏನಾಯ್ತು?”

ನಾನು ಬೆರಗಾಗಿ ನಿಂತೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಮಂಡ್ಯದಿಂದ ನೈರೋಬಿಯ ನಮ್ಮ ಮನೆಗೆ ಕರೆತಂದಿದ್ದೆ. ಕೇಳಿದ್ದಕ್ಕೆ ತಲೆಯಾಡಿಸುವುದು ಬಿಟ್ಟರೆ ಅವರಿಂದ ಮಾತೇ ಇರಲಿಲ್ಲ. ಎಂಬತ್ತರ ದಶಕದ ಕೊನೆ ಅದು.

ಆ ದಿನ ನಮ್ಮ ಹಳೇ ಕಾರು ಆಕ್ಸಿಲರೇಟರ್ ಮುಟ್ಟದಿದ್ದರೂ ನಿಂತಲ್ಲೇ ಭರ್ರೆನ್ನುತ್ತಿತ್ತು. ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ ಎಂದು ಮ್ವಾಂಗಿ ಕಾರ್ಬುರೇಟರಿನ ಬುಡದ ಸುತ್ತ ಚಮಚದಿಂದ ನೀರು ಹನಿಸುತ್ತಾ ಬಂದ. ಒಂದು ಕಡೆ ನೀರು ಬಿದ್ದು ಗಾಳಿಯ ಸಂದು ಮುಚ್ಚಿದೊಡನೆ ಎಂಜಿನ್ನಿನ ಅಬ್ಬರ ಇಳಿಯಿತು. ಆ ಕೂಗು ಬಂದದ್ದು ಆಗಲೇ. ಸ್ವಾಹಿಲಿಯಲ್ಲಿ ‘ಹಾಪಾ’ ಎಂದರೆ ‘ಇಲ್ಲೇ’. ಹಾಲನ್ನು ಆಲು ಎನ್ನುವ ನಮ್ಮ ಕಡೆಯವರ ಕಿವಿಗೆ ಅದು ‘ಅಪ್ಪಾ’ ಎಂದು ಕೇಳಿಸಿತ್ತು!

ವಿಷಯ ತಿಳಿದು ಅಪ್ಪ ನಕ್ಕರು. ಎಷ್ಟು ಕಾಲವಾಗಿತ್ತೋ ಆ ನಗು ಕೇಳಿ. ಮ್ವಾಂಗಿಗೂ ಬಿಡಿಸಿ ಹೇಳಿದೆ. ಅವನು ಚಮಚವನ್ನು ಅವರ ಕೈಗಿಟ್ಟು, “ಕರಿಬು, ಅಪ್ಪಾ”, ಬನ್ನಿ ಅಪ್ಪಾ, ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅಪ್ಪ ಬಗ್ಗಿ ನೀರು ಹನಿಸಿದರು, ಕಿವಿಗೊಟ್ಟು ಕೇಳಿದರು, ಆಮೇಲೆ ಗಟ್ಟಿಯಾಗಿ “ಆಪಾ!” ಎಂದರು.

ಸಂಜೆಯೊಳಗೆ ಆ ಸಂದಿಗೆ ಹೊಸ ಗ್ಯಾಸ್ಕೆಟ್ ಬಿದ್ದು ಕಾರಿನ ಅಬ್ಬರ ತಣ್ಣಗಾಯಿತು. ಅಲ್ಲಿಯವರೆಗೆ ಅಪ್ಪನ ಮೈ ಮಾತ್ರ ನೈರೋಬಿಯಲ್ಲಿತ್ತು. ಅವತ್ತಿನಿಂದ ಅಪ್ಪನೂ ಇಲ್ಲೇ ಇದ್ದರು.